ಪಿಪ್ ‘ಇದೆ’ ಅನ್ನುತ್ತದೆ, ಪೈಥಾನ್ ‘ಇಲ್ಲ’ ಅನ್ನುತ್ತದೆ: ಪೈಟೆಸರಾಕ್ಟ್ ಮಾಡ್ಯೂಲ್ ಸಿಗುತ್ತಿಲ್ಲ

ಹಳೇಸಂಪುಟ:
ಎಲ್ಲರಿಗೂ ನಮಸ್ಕಾರ. ನಮ್ಮೂರ ಗ್ರಂಥಾಲಯದಲ್ಲಿ ಹಳೆಯ ಕನ್ನಡ ಮಾಸಪತ್ರಿಕೆಗಳ ಬೈಂಡ್ ಮಾಡಿದ ಸಂಪುಟಗಳಿವೆ. ಅಂಚು ಮುಟ್ಟಿದರೆ ಪುಡಿಯಾಗುತ್ತವೆ. ಒಂದಷ್ಟು ಪುಟಗಳನ್ನು ಸ್ಕ್ಯಾನ್ ಮಾಡಿ ಇಟ್ಟಿದ್ದೇವೆ. ಹೆಸರು, ಊರು ಹಾಕಿ ಹುಡುಕಿದರೆ ಸಿಗುವಂತೆ ಅವನ್ನು ಪಠ್ಯವಾಗಿ ಮಾಡಬೇಕು. ಅದಕ್ಕೆ ಚಿತ್ರದಲ್ಲಿರುವ ಅಕ್ಷರ ಓದುವ ಟೆಸರಾಕ್ಟ್ ಬಳಸಿ ಪೈಥಾನ್‌ನಲ್ಲಿ ಸಣ್ಣ ಸ್ಕ್ರಿಪ್ಟ್ (ಓದು.ಪಿವೈ) ಬರೆಯುತ್ತಿದ್ದೇನೆ.

ಲ್ಯಾಪ್‌ಟಾಪ್‌ನಲ್ಲಿ ಉಬುಂಟು 24.04. ಪೈಥಾನ್ ಮಾಡ್ಯೂಲ್ ತಂದು ಹಾಕುವ ಪಿಪ್‌ಗೆ ಮೊದಲು ಸುಮ್ನೆ ‘ಪಿಪ್ ಇನ್‌ಸ್ಟಾಲ್’ ಕೊಟ್ಟಾಗ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್’ ಅಂತ ಎರರ್ ಬಂತು. ಆ ಎರರ್‌ನಲ್ಲೇ ಇದ್ದ ಸಲಹೆಯಂತೆ ‘ವೆನ್ವ್’ (ಈ ಕೆಲಸಕ್ಕೇ ಪ್ರತ್ಯೇಕ ಪೈಥಾನ್ ಫೋಲ್ಡರ್) ಮಾಡಿಕೊಂಡೆ. ಆಮೇಲೆ ಟೆಸರಾಕ್ಟ್ ಅನ್ನು ಪೈಥಾನ್‌ನಿಂದ ಬಳಸುವ ಮಾಡ್ಯೂಲ್ ಪೈಟೆಸರಾಕ್ಟ್ ಸಲೀಸಾಗಿ ಇನ್‌ಸ್ಟಾಲ್ ಆಯಿತು. ಆದರೆ ವಿಎಸ್ ಕೋಡ್‌ನಲ್ಲಿ ರನ್ ಬಟನ್ ಒತ್ತಿದರೆ ಕೊನೆಯ ಸಾಲಿನಲ್ಲಿ ಇದೇ ಬರುತ್ತಿದೆ:

ಮಾಡ್ಯೂಲ್‌ನಾಟ್‌ಫೌಂಡ್‌ಎರರ್: ನೋ ಮಾಡ್ಯೂಲ್ ನೇಮ್ಡ್ 'ಪೈಟೆಸರಾಕ್ಟ್'

ಟರ್ಮಿನಲ್‌ನಲ್ಲಿ ಮತ್ತೆ ಇನ್‌ಸ್ಟಾಲ್ ಮಾಡಲು ಹೋದರೆ ‘ರಿಕ್ವೈರ್‌ಮೆಂಟ್ ಆಲ್ರೆಡಿ ಸ್ಯಾಟಿಸ್‌ಫೈಡ್’ ಅನ್ನುತ್ತದೆ. ಇದೆ ಅನ್ನುವವರೂ ಇವರೇ, ಇಲ್ಲ ಅನ್ನುವವರೂ ಇವರೇ. ಏನು ಮಾಡಲಿ?

(ಈ ಗುಂಪಿನ ರೂಢಿಯಂತೆ ಕಮಾಂಡ್‌ಗಳನ್ನೂ ಕನ್ನಡ ಅಕ್ಷರದಲ್ಲೇ ಹಾಕಿದ್ದೇನೆ.)

ಬೇಗಬೇಗ:
ಪೈಥಾನ್ ಪೂರ್ತಿ ತೆಗೆದುಹಾಕಿ ಹೊಸದಾಗಿ ಇನ್‌ಸ್ಟಾಲ್ ಮಾಡಿ. ಸರಿಹೋಗುತ್ತದೆ.

ತುಂಗಾತೀರ:
ದಯವಿಟ್ಟು ಹಾಗೆ ಮಾಡಬೇಡಿ. ಉಬುಂಟುವಿನ ಎಷ್ಟೋ ಕೆಲಸಗಳು ಅದರ ಜೊತೆಗೇ ಬಂದ ಪೈಥಾನ್ ಮೇಲೆ ನಡೆಯುತ್ತವೆ. ಅದನ್ನು ಕಿತ್ತರೆ ಡೆಸ್ಕ್‌ಟಾಪ್‌ನ ಭಾಗಗಳೂ ಜೊತೆಗೆ ಹೋಗಬಹುದು.

ಪಿಪ್, ಪೈಥಾನ್ ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಈಗ ಎರಡು ಪೈಥಾನ್ ಇವೆ. ‘ಇದೆ’ ಅಂದದ್ದು ಒಂದು, ‘ಇಲ್ಲ’ ಅಂದದ್ದು ಇನ್ನೊಂದು. ಯಾವುದು ಯಾವುದು ಅಂತ ಮೊದಲು ಗೊತ್ತಾಗಲಿ. ಎರರ್ ಬರುವ ಫೈಲಿನ ಎಲ್ಲಕ್ಕಿಂತ ಮೇಲೆ, ಪೈಟೆಸರಾಕ್ಟ್ ಸಾಲಿಗೂ ಮೊದಲು, ಇದನ್ನು ಹಾಕಿ ರನ್ ಬಟನ್ ಒತ್ತಿ:

ಇಂಪೋರ್ಟ್ ಸಿಸ್
ಪ್ರಿಂಟ್(ಸಿಸ್.ಎಕ್ಸಿಕ್ಯೂಟಬಲ್)

ಆಮೇಲೆ ನೀವು ಇನ್‌ಸ್ಟಾಲ್ ಮಾಡಿದ ಅದೇ ಟರ್ಮಿನಲ್‌ನಲ್ಲಿ:

ಪಿಪ್ --ವರ್ಷನ್

ಪಿಪ್ ತನ್ನ ವರ್ಷನ್ ಜೊತೆಗೆ ತಾನು ಯಾವ ಫೋಲ್ಡರ್‌ನಲ್ಲಿದೆ, ಯಾವ ಪೈಥಾನ್‌ಗೆ ಸೇರಿದ್ದು ಅಂತಲೂ ಹೇಳುತ್ತದೆ. ಎರಡರ ಉತ್ತರವನ್ನೂ ಇಲ್ಲಿ ಹಾಕಿ. ಅಲ್ಲಿಯವರೆಗೆ ಬೇರೇನೂ ಇನ್‌ಸ್ಟಾಲ್ ಮಾಡಬೇಡಿ.

ಹಳೇಸಂಪುಟ:
ರನ್ ಬಟನ್ ಒತ್ತಿದಾಗ ಬಂದದ್ದು: /ಯುಎಸ್‌ಆರ್/ಬಿನ್/ಪೈಥಾನ್3

ಪಿಪ್ ತೋರಿಸಿದ ದಾರಿಯ ಕೊನೆ: ಸಂಪುಟ/.ವೆನ್ವ್/ಲಿಬ್/ಪೈಥಾನ್3.12/ಸೈಟ್-ಪ್ಯಾಕೇಜಸ್/ಪಿಪ್

ಓ, ಹಾಗಾದರೆ ರನ್ ಬಟನ್ ಉಬುಂಟುವಿನ ಪೈಥಾನ್ ಅನ್ನು ಕರೆಯುತ್ತಿದೆ ಅಲ್ವಾ?

ತುಂಗಾತೀರ:
ಅದೇ. ವಿಎಸ್ ಕೋಡ್‌ನಲ್ಲಿ ಕಂಟ್ರೋಲ್-ಶಿಫ್ಟ್-ಪಿ ಒತ್ತಿ, ‘ಪೈಥಾನ್: ಸೆಲೆಕ್ಟ್ ಇಂಟರ್‌ಪ್ರಿಟರ್’ ಅಂತ ಹುಡುಕಿ, ಪಟ್ಟಿಯಲ್ಲಿ .ವೆನ್ವ್ ಇರುವುದನ್ನು ಆರಿಸಿ. ಪೈಥಾನ್ ಫೈಲ್ ತೆರೆದಿರುವಾಗ ಕೆಳಗಿನ ಪಟ್ಟಿಯ ಬಲಮೂಲೆಯಲ್ಲಿ ಯಾವ ಪೈಥಾನ್ ಅಂತ ಕಾಣುತ್ತದೆ. ಅದರ ಮೇಲೆ ಕ್ಲಿಕ್ ಮಾಡಿದರೂ ಆಯಿತು.

ಒಂದು ಪ್ರಶ್ನೆ. ವಿಎಸ್ ಕೋಡ್‌ನಲ್ಲಿ ‘ಸಂಪುಟ’ ಫೋಲ್ಡರ್ ತೆರೆದಿದ್ದೀರಾ, ಬರೀ ಫೈಲ್ ಒಂದನ್ನೇ ತೆರೆದಿದ್ದೀರಾ? ಫೋಲ್ಡರ್ ತೆರೆದರೆ ಅದರೊಳಗಿನ .ವೆನ್ವ್ ಅನ್ನು ಅದು ಸಾಮಾನ್ಯವಾಗಿ ತಾನೇ ಗುರುತಿಸುತ್ತದೆ. ಫೈಲ್ ಮಾತ್ರ ತೆರೆದರೆ ಅದಕ್ಕೆ ಪಕ್ಕದ ಫೋಲ್ಡರ್ ಕಾಣುವುದಿಲ್ಲ.

ವೆನ್ವ್ ಬಗ್ಗೆ ಸ್ವಲ್ಪ ಬರೆಯುತ್ತೇನೆ. ಇದು ತಿಳಿದರೆ ಮುಂದಿನ ತೊಂದರೆಗಳು ಅರ್ಧ ಕಡಿಮೆಯಾಗುತ್ತವೆ. ವೆನ್ವ್ ಅಂದರೆ ಬರೀ ಒಂದು ಫೋಲ್ಡರ್. ಒಳಗೆ ‘ಬಿನ್’ ಅಂತ ಇರುತ್ತದೆ, ಅದರಲ್ಲಿ ನಿಜವಾದ ಪೈಥಾನ್‌ಗೆ ಒಂದು ಕೊಂಡಿ. ‘ಪೈವೆನ್ವ್.ಸಿಎಫ್‌ಜಿ’ ಅನ್ನುವ ಸಣ್ಣ ಫೈಲ್ ಇರುತ್ತದೆ, ಮೂಲ ಪೈಥಾನ್ ಎಲ್ಲಿದೆ ಅಂತ ಅದರಲ್ಲಿ ಬರೆದಿರುತ್ತದೆ. ಮತ್ತೆ ನೀವು ಹಾಕಿದ ಮಾಡ್ಯೂಲ್‌ಗಳಿಗೆ ಪ್ರತ್ಯೇಕ ‘ಸೈಟ್-ಪ್ಯಾಕೇಜಸ್’. 2012ರಲ್ಲಿ ಬಂದ ಪೈಥಾನ್ 3.3ರಿಂದ ಇದು ಪೈಥಾನ್ ಜೊತೆಗೇ ಬರುತ್ತಿದೆ.

‘ಆಕ್ಟಿವೇಟ್’ ಮಾಡಿದರೆ ಏನೋ ದೊಡ್ಡದು ನಡೆಯುತ್ತದೆ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಆ ಟರ್ಮಿನಲ್ ಕಮಾಂಡ್‌ಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ ‘ಪಾತ್’ನಲ್ಲಿ .ವೆನ್ವ್/ಬಿನ್ ಮೊದಲ ಜಾಗಕ್ಕೆ ಬರುತ್ತದೆ, ಅಷ್ಟೇ. ಅದೂ ಆ ಒಂದು ಟರ್ಮಿನಲ್‌ಗೆ ಮಾತ್ರ. ಹೊಸ ಟರ್ಮಿನಲ್ ತೆರೆದರೆ ಇಲ್ಲ. ರನ್ ಬಟನ್ ನೋಡುವುದು ತನ್ನಲ್ಲಿ ಆರಿಸಿಟ್ಟ ಇಂಟರ್‌ಪ್ರಿಟರ್ ಅನ್ನು. ಆಕ್ಟಿವೇಟ್ ಮಾಡದೆಯೂ ನೇರವಾಗಿ ಹೀಗೆ ಓಡಿಸಬಹುದು:

.ವೆನ್ವ್/ಬಿನ್/ಪೈಥಾನ್ ಓದು.ಪಿವೈ

ಮಾಡ್ಯೂಲ್ ಹಾಕುವಾಗಲೂ ಬರೀ ‘ಪಿಪ್’ ಅನ್ನುವ ಬದಲು:

.ವೆನ್ವ್/ಬಿನ್/ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ ಪೈಟೆಸರಾಕ್ಟ್

ಹೀಗೆ ಬರೆದರೆ ಯಾವ ಪೈಥಾನ್ ಓಡಿಸುತ್ತೀರೋ ಅದಕ್ಕೇ ಮಾಡ್ಯೂಲ್ ಹೋಗುತ್ತದೆ. ‘ಪಿಪ್’ ಯಾರದ್ದು ಅನ್ನುವ ಅನುಮಾನವೇ ಉಳಿಯುವುದಿಲ್ಲ.

ಬೇಗಬೇಗ:
‘--ಬ್ರೇಕ್-ಸಿಸ್ಟಮ್-ಪ್ಯಾಕೇಜಸ್’ ಅಂತ ಪಿಪ್‌ಗೆ ಸೇರಿಸಿ ಆ ಮೊದಲ ತಡೆಯನ್ನೇ ದಾಟಿದ್ದರೆ ಒಂದೇ ಸಲಕ್ಕೆ ಮುಗಿಯುತ್ತಿತ್ತಲ್ಲ?

ತುಂಗಾತೀರ:
ಮುಗಿಯುತ್ತಿತ್ತು, ನಿಜ. ಆದರೆ ಆ ತಡೆ ಹಾಕಿದ್ದಕ್ಕೆ ಕಾರಣ ಇದೆ. ಉಬುಂಟುವಿನ ಪೈಥಾನ್‌ಗೆ ಬೇಕಾದ ಮಾಡ್ಯೂಲ್‌ಗಳನ್ನು ಉಬುಂಟುವಿನದೇ ಇನ್‌ಸ್ಟಾಲರ್ ‘ಆಪ್ಟ್’ ನೋಡಿಕೊಳ್ಳುತ್ತದೆ. ಅದರ ಮೇಲೆಯೇ ಪಿಪ್ ಇನ್ನೊಂದು ವರ್ಷನ್ ತಂದು ಕೂರಿಸಿದರೆ ಆಪ್ಟ್‌ಗೆ ಗೊತ್ತಾಗುವುದಿಲ್ಲ. ಯಾವತ್ತೋ ಅಪ್‌ಡೇಟ್ ಮಾಡಿದಾಗ ಸಂಬಂಧವೇ ಇಲ್ಲದ ಪ್ರೋಗ್ರಾಂ ನಿಂತುಹೋಗುತ್ತದೆ, ಕಾರಣ ಹುಡುಕುವವರಿಗೆ ತಲೆಬುಡ ಸಿಗುವುದಿಲ್ಲ. ಪೆಪ್ 668 ಅನ್ನುವ ನಿಯಮ ಬಂದದ್ದು ಇದಕ್ಕೇ. 2023ರಿಂದ ಡೆಬಿಯನ್ 12, ಉಬುಂಟು 23.04, ಆಮೇಲೆ ರಾಸ್‌ಪ್ಬೆರಿ ಪೈ ಒಎಸ್ ಕೂಡ ಇದನ್ನು ಪಾಲಿಸುತ್ತಿವೆ. ಆ ಆಯ್ಕೆಯ ಹೆಸರಲ್ಲೇ ‘ಬ್ರೇಕ್’ ಅಂತ ಇಟ್ಟಿದ್ದಾರೆ. ಗ್ರಂಥಾಲಯದ ಕೆಲಸಕ್ಕೆ ಇಟ್ಟ ಲ್ಯಾಪ್‌ಟಾಪ್‌ನಲ್ಲಿ ಅದು ಬೇಡ.

ಹಳೇಸಂಪುಟ:
ಇಂಟರ್‌ಪ್ರಿಟರ್ ಬದಲಿಸಿದೆ, ಆ ಎರರ್ ಹೋಯಿತು. ಫೈಲ್ ಮಾತ್ರ ತೆರೆದಿದ್ದೆ, ಈಗ ಫೋಲ್ಡರ್ ತೆರೆದಿದ್ದೇನೆ. ತುಂಬಾ ಥ್ಯಾಂಕ್ಸ್ ಸರ್.

ಈಗ ಮುಂದಿನದು. ಪುಟದ ಹಳದಿ ಬಣ್ಣ ತೆಗೆದು ಕಪ್ಪು-ಬಿಳುಪು ಮಾಡಲು ಓಪನ್‌ಸಿವಿ ಬೇಕು. ‘ನೋ ಮಾಡ್ಯೂಲ್ ನೇಮ್ಡ್ ಸಿವಿ2’ ಅಂತ ಬಂತು. ‘ಪಿಪ್ ಇನ್‌ಸ್ಟಾಲ್ ಸಿವಿ2’ ಕೊಟ್ಟರೆ ‘ನೋ ಮ್ಯಾಚಿಂಗ್ ಡಿಸ್ಟ್ರಿಬ್ಯೂಷನ್ ಫೌಂಡ್’ ಅನ್ನುತ್ತದೆ.

ಲ್ಯಾಬ್‌ಮೇಷ್ಟ್ರು:
ಇದಕ್ಕೆ ನಾನು ಹೇಳುತ್ತೇನೆ. ಕಾಲೇಜು ಲ್ಯಾಬ್‌ನಲ್ಲಿ ಪ್ರತಿ ಬ್ಯಾಚ್‌ನಲ್ಲೂ ಬರುವ ಪ್ರಶ್ನೆ ಇದು.

ಇಂಪೋರ್ಟ್ ಸಾಲಿನಲ್ಲಿ ಬರೆಯುವ ಹೆಸರು ಬೇರೆ, ಪಿಪ್‌ಗೆ ಹೇಳುವ ಹೆಸರು ಬೇರೆ ಇರಬಹುದು. ಸಿವಿ2 ಬೇಕಾದರೆ ‘ಓಪನ್‌ಸಿವಿ-ಪೈಥಾನ್’ ಹಾಕಬೇಕು. ‘ಪಿಐಎಲ್’ ಅಂತ ಕೇಳಿದರೆ ‘ಪಿಲ್ಲೋ’. ‘ಎಸ್‌ಕೆಲರ್ನ್’ಗೆ ‘ಸೈಕಿಟ್-ಲರ್ನ್’. ‘ಯಾಮಲ್’ಗೆ ‘ಪೈಯಾಮಲ್’. ‘ಬಿಎಸ್4’ಗೆ ‘ಬ್ಯೂಟಿಫುಲ್‌ಸೂಪ್4’. ‘ಡಾಟ್‌ಎನ್ವ್’ಗೆ ‘ಪೈಥಾನ್-ಡಾಟ್‌ಎನ್ವ್’. ವರ್ಡ್ ಫೈಲ್ ಓದುವ ‘ಡಾಕ್ಸ್’ಗೆ ‘ಪೈಥಾನ್-ಡಾಕ್ಸ್’. ಈ ಕೊನೆಯದರಲ್ಲಿ ಹುಷಾರು: ಬರೀ ‘ಡಾಕ್ಸ್’ ಹೆಸರಲ್ಲೂ, ಪಿಪ್ ಪ್ಯಾಕೇಜ್ ತರುವ ಭಂಡಾರ ಪೈಪಿಐನಲ್ಲಿ, ಬೇರೆ ಹಳೆಯ ಪ್ಯಾಕೇಜ್ ಇದೆ. ಅದನ್ನು ಹಾಕಿದರೆ ಇನ್‌ಸ್ಟಾಲ್ ಆಗುತ್ತದೆ, ಇಂಪೋರ್ಟ್ ಮಾಡುವಾಗ ಇನ್ನೇನೋ ಎರರ್ ಬರುತ್ತದೆ.

ಎರರ್‌ನಲ್ಲಿ ಕಂಡ ಹೆಸರನ್ನೇ ಎತ್ತಿ ಪಿಪ್‌ಗೆ ಕೊಡುವ ಅಭ್ಯಾಸ ಬಿಡಿ ಅಂತ ನಾನು ಹುಡುಗರಿಗೆ ಗಟ್ಟಿಯಾಗಿ ಹೇಳುತ್ತೇನೆ. ಪೈಪಿಐನಲ್ಲಿ ಯಾರು ಬೇಕಾದರೂ ಪ್ಯಾಕೇಜ್ ಹಾಕಬಹುದು. ಹೆಸರಿನ ಹತ್ತಿರದ ಹೆಸರು ಇಟ್ಟು ಕೆಡುಕು ಮಾಡುವವರೂ ಇದ್ದಾರೆ. 2019ರ ಡಿಸೆಂಬರ್‌ನಲ್ಲಿ ‘ಪೈಥಾನ್3-ಡೇಟ್‌ಯುಟಿಲ್’ ಅನ್ನುವುದನ್ನು ಅಲ್ಲಿಂದ ತೆಗೆದುಹಾಕಿದರು. ಎಲ್ಲರೂ ಬಳಸುವ ‘ಪೈಥಾನ್-ಡೇಟ್‌ಯುಟಿಲ್’ನ ಹೆಸರನ್ನು ನಕಲು ಮಾಡಿದ್ದದು. ಅದರ ಜೊತೆ ಎಳೆದು ತರುತ್ತಿದ್ದ ಇನ್ನೊಂದು ನಕಲಿ ಪ್ಯಾಕೇಜ್ ಕಂಪ್ಯೂಟರಿನ ಎಸ್‌ಎಸ್‌ಎಚ್ ಕೀಲಿಗಳನ್ನು (ಬೇರೆ ಕಂಪ್ಯೂಟರಿಗೆ ಲಾಗಿನ್ ಆಗುವ ಗುಟ್ಟಿನ ಫೈಲ್‌ಗಳು) ಕದಿಯುವಂತೆ ಬರೆದದ್ದು. ಆದ್ದರಿಂದ ಆ ಲೈಬ್ರರಿಯ ಸ್ವಂತ ಪುಟದಲ್ಲಿ ಇನ್‌ಸ್ಟಾಲ್ ಕಮಾಂಡ್ ಏನಿದೆ ಅಂತ ನೋಡಿ, ಅದನ್ನೇ ಹಾಕಿ. ಅರ್ಧ ನಿಮಿಷದ ಕೆಲಸ.

ಅಡಿಕೆತೋಟ:
ಇದೇ ದಾರದಲ್ಲಿ ನನ್ನದೂ ಒಂದು ಕೇಳಬಹುದಾ? ತೋಟದ ಮಣ್ಣಿನ ತೇವ ನೋಡುವ ಸೆನ್ಸರ್‌ಗಳನ್ನು ಆರ್ಡುಯಿನೋಗೆ ಜೋಡಿಸಿದ್ದೇನೆ. ಯುಎಸ್‌ಬಿ ಮೂಲಕ ಲ್ಯಾಪ್‌ಟಾಪ್‌ಗೆ ಓದಿಕೊಳ್ಳಬೇಕು. ಅದಕ್ಕೆ ಪೈಸೀರಿಯಲ್ ಮಾಡ್ಯೂಲ್ (ಇಂಪೋರ್ಟ್ ಹೆಸರು ‘ಸೀರಿಯಲ್’) ಹಾಕಿದ್ದೇನೆ. ಮೇಲೆ ಹೇಳಿದಂತೆ ನೋಡಿದೆ, ಪೈಥಾನ್, ಪಿಪ್ ಎರಡೂ ಒಂದೇ ಜಾಗದವು. ಆದರೂ ಇದು:

ಮಾಡ್ಯೂಲ್‌ನಾಟ್‌ಫೌಂಡ್‌ಎರರ್: ನೋ ಮಾಡ್ಯೂಲ್ ನೇಮ್ಡ್ 'ಸೀರಿಯಲ್.ಟೂಲ್ಸ್'; 'ಸೀರಿಯಲ್' ಈಸ್ ನಾಟ್ ಎ ಪ್ಯಾಕೇಜ್

ಲ್ಯಾಬ್‌ಮೇಷ್ಟ್ರು:
ಸೆಮಿಕೋಲನ್ ಆದಮೇಲಿನ ಮಾತು ನೋಡಿ. ‘ಸೀರಿಯಲ್’ ಸಿಕ್ಕಿತು, ಆದರೆ ಅದು ಪ್ಯಾಕೇಜ್ ಅಲ್ಲ, ಒಂಟಿ ಫೈಲ್ ಅನ್ನುತ್ತಿದೆ. ಹಾಗಾದರೆ ಅದಕ್ಕೆ ಸಿಕ್ಕಿದ್ದು ಪೈಸೀರಿಯಲ್ ಅಲ್ಲ. ನಿಮ್ಮ ಫೋಲ್ಡರ್‌ನಲ್ಲಿ ‘ಸೀರಿಯಲ್.ಪಿವೈ’ ಅಂತ ಫೈಲ್ ಇದೆಯಾ?

ಅಡಿಕೆತೋಟ:
ಇದೆ! ನಾನು ಬರೆಯುತ್ತಿರುವ ಫೈಲಿನ ಹೆಸರೇ ಅದು.

ಲ್ಯಾಬ್‌ಮೇಷ್ಟ್ರು:
‘ತೇವ.ಪಿವೈ’ ಅಂತ ಹೆಸರು ಬದಲಿಸಿ ಓಡಿಸಿ.

ಇಂಪೋರ್ಟ್ ಮಾಡುವಾಗ ಪೈಥಾನ್ ‘ಸಿಸ್.ಪಾತ್’ ಅನ್ನುವ ಪಟ್ಟಿಯಲ್ಲಿನ ಫೋಲ್ಡರ್‌ಗಳನ್ನು ಮೇಲಿನಿಂದ ಕೆಳಗೆ ನೋಡುತ್ತಾ ಹೋಗುತ್ತದೆ. ಆ ಪಟ್ಟಿಯಲ್ಲಿ ಮೊದಲ ಜಾಗ ನೀವು ಓಡಿಸುತ್ತಿರುವ ಫೈಲ್ ಇರುವ ಫೋಲ್ಡರ್‌ನದು. ಆಮೇಲೆ ‘ಪೈಥಾನ್‌ಪಾತ್’ನಲ್ಲಿ ಏನಾದರೂ ಇಟ್ಟಿದ್ದರೆ ಅದು. ಆಮೇಲೆ ಪೈಥಾನ್ ಜೊತೆ ಬರುವ ಲೈಬ್ರರಿ. ಸೈಟ್-ಪ್ಯಾಕೇಜಸ್ ಬರುವುದು ಅದೆಲ್ಲ ಆದಮೇಲೆ. ಮೊದಲು ಸಿಕ್ಕಿದ ಹೆಸರಿಗೇ ಹುಡುಕಾಟ ನಿಲ್ಲುತ್ತದೆ. ನಿಮ್ಮ ಸೀರಿಯಲ್.ಪಿವೈ ದಾರಿಯಲ್ಲೇ ಅಡ್ಡ ನಿಂತಿತ್ತು.

ಲ್ಯಾಬ್‌ನಲ್ಲಿ ‘ರ‍್ಯಾಂಡಮ್.ಪಿವೈ’ ಇದಕ್ಕಿಂತ ಜಾಸ್ತಿ. ಜೂಜಿನ ದಾಳದ ಪ್ರೋಗ್ರಾಂ ಬರೆಯಲು ಹೇಳಿದರೆ ಫೈಲಿಗೆ ಆ ಹೆಸರಿಡುವವರು ಯಾವಾಗಲೂ ಇರುತ್ತಾರೆ. ಅಲ್ಲಿ ‘ರ‍್ಯಾಂಡಮ್‌ನಲ್ಲಿ ರ‍್ಯಾಂಡ್‌ಇಂಟ್ ಇಲ್ಲ’ ಅಂತ ಬೇರೆ ರೀತಿಯ ಎರರ್ ಬರುತ್ತದೆ. 2024ರಲ್ಲಿ ಬಂದ ಪೈಥಾನ್ 3.13 ಇದನ್ನು ಗುರುತಿಸಿ, ‘ನಿಮ್ಮ ಈ ಫೈಲಿನ ಹೆಸರು ಬದಲಿಸಿ ನೋಡಿ’ ಅಂತ ದಾರಿ ಸಮೇತ ಹೇಳುತ್ತದೆ. ಕಲಿಯುವವರಿಗೆ ಅದೊಂದೇ ಕಾರಣಕ್ಕೆ 3.13 ಹಾಕಿಕೊಡಬಹುದು ಅನ್ನುವುದು ನನ್ನ ಅಭಿಪ್ರಾಯ.

ಅಡಿಕೆತೋಟ:
ಹೆಸರು ಬದಲಿಸಿದ ಕೂಡಲೇ ಓದಲು ಶುರು ಮಾಡಿತು. ಮೇಷ್ಟ್ರೇ, ಧನ್ಯವಾದ.

ಅಬುಧಾಬಿಕನ್ನಡಿಗ:
ಜುಪಿಟರ್ ನೋಟ್‌ಬುಕ್ ಬಳಸುವವರು ಇದ್ದರೆ ಒಂದು ಮಾತು. ಅಲ್ಲಿ ಕೋಶದೊಳಗೆ ‘!ಪಿಪ್ ಇನ್‌ಸ್ಟಾಲ್’ ಅಂದರೆ ಶೆಲ್‌ಗೆ ಸಿಕ್ಕ ಯಾವುದೋ ಪಿಪ್ ಓಡುತ್ತದೆ. ನೋಟ್‌ಬುಕ್‌ನ ಕರ್ನೆಲ್ (ಕೋಡ್ ಓಡಿಸುವ ಭಾಗ) ಇನ್ನೊಂದು ಪೈಥಾನ್ ಆಗಿರಬಹುದು. ‘%ಪಿಪ್ ಇನ್‌ಸ್ಟಾಲ್’ ಅಂತ ಶೇಕಡಾ ಚಿಹ್ನೆ ಹಾಕಿ ಬರೆಯಿರಿ, ಕರ್ನೆಲ್‌ನ ಪೈಥಾನ್‌ಗೇ ಹೋಗುತ್ತದೆ. ವೆನ್ವ್ ಅನ್ನು ಕರ್ನೆಲ್ ಪಟ್ಟಿಯಲ್ಲಿ ಕಾಣಿಸಬೇಕಾದರೆ ಅದರೊಳಗೆ ‘ಐಪೈಕರ್ನೆಲ್’ ಹಾಕಿ.

ವಿಂಡೋಸ್‌ನಲ್ಲಿ ‘ಪಿವೈ -0’ ಅಂದರೆ ಹಾಕಿರುವ ಪೈಥಾನ್‌ಗಳೆಲ್ಲ ಪಟ್ಟಿಯಾಗುತ್ತವೆ. ಅಲ್ಲೂ ‘ಪಿವೈ -ಎಂ ಪಿಪ್’ ಅಂತಲೇ ಬಳಸಿ.

ಹಳೇಸಂಪುಟ:
ಓಪನ್‌ಸಿವಿ ಬಂತು. ಪುಟ ಸ್ವಚ್ಛವಾಗಿ ಕಪ್ಪು-ಬಿಳುಪು ಆಗುತ್ತಿದೆ. ಕೊನೆಯ ಹಂತದಲ್ಲಿ ‘ಟೆಸರಾಕ್ಟ್‌ನಾಟ್‌ಫೌಂಡ್‌ಎರರ್’ ಅಂತ ಬಂದಿದೆ. ಪೈಟೆಸರಾಕ್ಟ್ ಇದೆಯಲ್ಲ? ಸಿಸ್.ಎಕ್ಸಿಕ್ಯೂಟಬಲ್ ಕೂಡ .ವೆನ್ವ್ ಅಂತಲೇ ತೋರಿಸುತ್ತಿದೆ.

ತುಂಗಾತೀರ:
ಇದು ಮಾಡ್ಯೂಲ್ ಎರರ್ ಅಲ್ಲ. ಎರರ್‌ನ ಹೆಸರೇ ಬೇರೆ, ನೋಡಿ. ಪೈಟೆಸರಾಕ್ಟ್ ಅಕ್ಷರ ಓದುವುದಿಲ್ಲ. ಚಿತ್ರವನ್ನು ಒಯ್ದು ‘ಟೆಸರಾಕ್ಟ್’ ಅನ್ನುವ ಇನ್ನೊಂದು ಪ್ರೋಗ್ರಾಂಗೆ ಕೊಟ್ಟು, ಅದು ಬರೆದದ್ದನ್ನು ವಾಪಸ್ ತರುತ್ತದೆ. ಆ ಪ್ರೋಗ್ರಾಂ ಸಿ++ನಲ್ಲಿ ಬರೆದದ್ದು. 1980ರ ದಶಕದಲ್ಲಿ ಎಚ್‌ಪಿ ಕಂಪನಿಯಲ್ಲಿ ಹುಟ್ಟಿ, 2005ರಲ್ಲಿ ಮುಕ್ತ ತಂತ್ರಾಂಶವಾಯಿತು. ಅದು ಪಿಪ್‌ನಿಂದ ಬರುವುದಿಲ್ಲ, ಆಪ್ಟ್‌ನಿಂದ ತರಬೇಕು. ಕನ್ನಡದ ಡೇಟಾ ಕೂಡ ಪ್ರತ್ಯೇಕ:

ಸುಡೋ ಆಪ್ಟ್ ಇನ್‌ಸ್ಟಾಲ್ ಟೆಸರಾಕ್ಟ್-ಒಸಿಆರ್ ಟೆಸರಾಕ್ಟ್-ಒಸಿಆರ್-ಕೆಎಎನ್

ಆಮೇಲೆ ‘ಟೆಸರಾಕ್ಟ್ --ಲಿಸ್ಟ್-ಲ್ಯಾಂಗ್ಸ್’ ಕೊಡಿ. ಪಟ್ಟಿಯಲ್ಲಿ ‘ಕೆಎಎನ್’ ಇದ್ದರೆ ಕನ್ನಡ ಸಿದ್ಧ. ಕೋಡ್‌ನಲ್ಲಿ ಲ್ಯಾಂಗ್='ಕೆಎಎನ್' ಅಂತ ಹೇಳಲೇಬೇಕು. ಹೇಳದಿದ್ದರೆ ಇಂಗ್ಲಿಷ್ ಅಂದುಕೊಂಡು ಓದುತ್ತದೆ, ಬರುವುದೆಲ್ಲ ಅರ್ಥವಿಲ್ಲದ ಅಕ್ಷರ. ನಡುವೆ ಇಂಗ್ಲಿಷ್ ಜಾಹೀರಾತು ಇರುವ ಪುಟಕ್ಕೆ 'ಕೆಎಎನ್+ಇಎನ್‌ಜಿ'.

ಹಳೇಕೋಡು:
ನನ್ನದು ಸ್ವಲ್ಪ ಬೇರೆ. ಉಬುಂಟು 22.04ರಿಂದ 24.04ಕ್ಕೆ ಹೋದಮೇಲೆ, ವರ್ಷಗಳಿಂದ ಓಡುತ್ತಿದ್ದ ಸ್ಕ್ರಿಪ್ಟ್ ‘ನೋ ಮಾಡ್ಯೂಲ್ ನೇಮ್ಡ್ ಡಿಸ್ಟ್‌ಯುಟಿಲ್ಸ್’ ಅಂತ ನಿಂತಿದೆ. ಅದು ಪೈಥಾನ್ ಜೊತೆಗೇ ಬರುತ್ತಿತ್ತಲ್ಲ?

ತುಂಗಾತೀರ:
ಬರುತ್ತಿತ್ತು, ಈಗ ಇಲ್ಲ. 2023ರ ಅಕ್ಟೋಬರ್‌ನಲ್ಲಿ ಬಂದ ಪೈಥಾನ್ 3.12ರಲ್ಲಿ ಡಿಸ್ಟ್‌ಯುಟಿಲ್ಸ್ ತೆಗೆದರು. ‘ಐಎಂಪಿ’ ಕೂಡ ಅದರ ಜೊತೆ ಹೋಯಿತು. ಉಬುಂಟು 24.04ರಲ್ಲಿ ಇರುವುದು 3.12. ಈ ದಾರದಲ್ಲಿ ಮಾಡ್ಯೂಲ್ ನಿಜವಾಗಿಯೂ ಇಲ್ಲದ ಕೇಸ್ ಅಂದರೆ ನಿಮ್ಮದು.

ತಾತ್ಕಾಲಿಕವಾಗಿ ವೆನ್ವ್‌ನಲ್ಲಿ ‘ಸೆಟಪ್‌ಟೂಲ್ಸ್’ ಹಾಕಿ. ಅದರೊಳಗೆ ಡಿಸ್ಟ್‌ಯುಟಿಲ್ಸ್‌ನ ಪ್ರತಿ ಇದೆ, ಇಂಪೋರ್ಟ್ ನಡೆಯುತ್ತದೆ. 3.12ರಿಂದ ಹೊಸ ವೆನ್ವ್‌ನಲ್ಲಿ ಸೆಟಪ್‌ಟೂಲ್ಸ್ ತಾನಾಗಿ ಬರುವುದಿಲ್ಲ, ಅದಕ್ಕೇ ಕೈಯಾರೆ ಹಾಕಬೇಕು. ಆದರೆ ಟ್ರೇಸ್‌ಬ್ಯಾಕ್ (ಎರರ್‌ಗೆ ಮೇಲೆ ಬರುವ ಸಾಲುಗಳು) ಓದಿ, ಡಿಸ್ಟ್‌ಯುಟಿಲ್ಸ್ ಕೇಳುತ್ತಿರುವುದು ನಿಮ್ಮ ಸಾಲೋ, ಯಾವುದೋ ಲೈಬ್ರರಿಯದೋ ನೋಡಿ. ಲೈಬ್ರರಿಯದಾದರೆ ಅದರ ಹೊಸ ವರ್ಷನ್ ಹಾಕುವುದೇ ಸರಿಯಾದ ಪರಿಹಾರ. ವೆಬ್ ಸರ್ವರ್‌ನಲ್ಲಿ ಹಳೆಯ ‘ಸಿಜಿಐ’ ಮಾಡ್ಯೂಲ್ ನಂಬಿಕೊಂಡವರೂ ಈಗಲೇ ನೋಡಿಕೊಳ್ಳಿ, 3.13ರಲ್ಲಿ ಅದೂ ಇಲ್ಲ. ಟೆಲ್‌ನೆಟ್‌ಲಿಬ್ ಕೂಡ.

ಹಳೇಸಂಪುಟ:
ಓದುತ್ತಿದೆ! ಮೊದಲ ಪುಟದಲ್ಲಿ ಒತ್ತಕ್ಷರ ಕೆಲವು ಕಡೆ ತಪ್ಪಿವೆ, ಆದರೆ ಲೇಖನದ ಶೀರ್ಷಿಕೆ, ಊರಿನ ಹೆಸರುಗಳು ಸರಿಯಾಗಿ ಬಂದಿವೆ. ಹುಡುಕಲು ಇಷ್ಟು ಸಾಕು. ನಮ್ಮ ಗ್ರಂಥಪಾಲಕರಿಗೆ ತೋರಿಸಿದೆ, ತುಂಬಾ ಖುಷಿಪಟ್ಟರು.

ಇನ್ನೆರಡು ಕೇಳಬೇಕು. ರಾತ್ರಿ ಹತ್ತಕ್ಕೆ ತಾನಾಗಿ ಓಡುವಂತೆ ಕ್ರಾನ್‌ಗೆ ಹಾಕಿದರೆ ಮತ್ತೆ ಅದೇ ‘ನೋ ಮಾಡ್ಯೂಲ್’ ಬರುತ್ತದಾ? ಮತ್ತೆ, ಗ್ರಂಥಾಲಯದ ಕಂಪ್ಯೂಟರ್‌ನಲ್ಲಿ ಇಂಟರ್‌ನೆಟ್ ಇಲ್ಲ. ‘ಸಂಪುಟ’ ಫೋಲ್ಡರ್ ಪೂರ್ತಿ ಪೆನ್‌ಡ್ರೈವ್‌ನಲ್ಲಿ ಒಯ್ದರೆ ನಡೆಯುತ್ತದಾ?

ತುಂಗಾತೀರ:
ಮೊದಲನೆಯದು. ಬರೀ ‘ಪೈಥಾನ್3’ ಅಂತ ಬರೆದರೆ ಬರುತ್ತದೆ, ಕ್ರಾನ್‌ಗೆ ನೀವು ಆಕ್ಟಿವೇಟ್ ಮಾಡಿದ್ದು ಗೊತ್ತಿರುವುದಿಲ್ಲ. ಪೂರ್ತಿ ದಾರಿ ಕೊಡಿ:

0 22 * * * /ಹೋಮ್/ನಿಮ್ಮಹೆಸರು/ಸಂಪುಟ/.ವೆನ್ವ್/ಬಿನ್/ಪೈಥಾನ್ /ಹೋಮ್/ನಿಮ್ಮಹೆಸರು/ಸಂಪುಟ/ಓದು.ಪಿವೈ

ಚಿತ್ರಗಳ ದಾರಿಯನ್ನೂ ಸ್ಕ್ರಿಪ್ಟ್‌ನಲ್ಲಿ ಪೂರ್ತಿ ಬರೆಯಿರಿ. ಕ್ರಾನ್ ಓಡುವುದು ಆ ಫೋಲ್ಡರ್‌ನಿಂದ ಅಲ್ಲ.

ಎರಡನೆಯದು ನಡೆಯುವುದಿಲ್ಲ. ವೆನ್ವ್ ಒಳಗಿನ ಪಿಪ್ ಮುಂತಾದ ಫೈಲ್‌ಗಳ ಮೊದಲ ಸಾಲಿನಲ್ಲಿ ಈ ಲ್ಯಾಪ್‌ಟಾಪ್‌ನ ಪೂರ್ತಿ ದಾರಿ ಬರೆದಿರುತ್ತದೆ. ಬೇರೆ ಜಾಗಕ್ಕೆ ಹೋದರೆ ‘ಬ್ಯಾಡ್ ಇಂಟರ್‌ಪ್ರಿಟರ್’. ನಿಮ್ಮ ಕೋಡ್ ಮಾತ್ರ ಒಯ್ದು, ವೆನ್ವ್ ಅನ್ನು ಅಲ್ಲೇ ಹೊಸದಾಗಿ ಮಾಡಬೇಕು. ಗ್ರಂಥಾಲಯದ ಕಂಪ್ಯೂಟರ್‌ನಲ್ಲಿ ಯಾವ ಪೈಥಾನ್ ಇದೆ ನೋಡಿಕೊಂಡು ಬನ್ನಿ.

ಹಳೇಸಂಪುಟ:
ನೋಡಿದೆ. ಉಬುಂಟು 22.04, ಪೈಥಾನ್ 3.10. ಎರಡೂ 64 ಬಿಟ್.

ತುಂಗಾತೀರ:
ಹಾಗಾದರೆ ವರ್ಷನ್ ಬೇರೆ. ಇಲ್ಲಿ ‘ಪಿಪ್ ಫ್ರೀಜ್’ ಮಾಡಿ (ಹಾಕಿರುವ ಮಾಡ್ಯೂಲ್‌ಗಳನ್ನು ವರ್ಷನ್ ಸಮೇತ ಪಟ್ಟಿ ಮಾಡಿ) ಆ ಪಟ್ಟಿಯನ್ನೇ ಅಲ್ಲಿ ಹಾಕಿದರೆ ಕೈಕೊಡಬಹುದು. ಉದಾಹರಣೆಗೆ ಓಪನ್‌ಸಿವಿ ಜೊತೆ ಬರುವ ನಮ್‌ಪೈ 2.3ಕ್ಕೆ ಕನಿಷ್ಠ ಪೈಥಾನ್ 3.11 ಬೇಕು. ಪಟ್ಟಿ.ಟಿಎಕ್ಸ್‌ಟಿ ಅನ್ನುವ ಫೈಲಿನಲ್ಲಿ ಪೈಟೆಸರಾಕ್ಟ್, ಓಪನ್‌ಸಿವಿ-ಪೈಥಾನ್, ಪಿಲ್ಲೋ ಅಂತ ಮೂರೇ ಹೆಸರು ಬರೆಯಿರಿ. ವರ್ಷನ್ ಹಾಕಬೇಡಿ, 3.10ಕ್ಕೆ ಹೊಂದುವುದನ್ನು ಪಿಪ್ ಆರಿಸುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ, ಒಂದೇ ಸಾಲಿನಲ್ಲಿ:

.ವೆನ್ವ್/ಬಿನ್/ಪೈಥಾನ್ -ಎಂ ಪಿಪ್ ಡೌನ್‌ಲೋಡ್ --ಓನ್ಲಿ-ಬೈನರಿ=:ಆಲ್: --ಪೈಥಾನ್-ವರ್ಷನ್ 3.10 -ಡಿ ಪೊಟ್ಟಣ -ಆರ್ ಪಟ್ಟಿ.ಟಿಎಕ್ಸ್‌ಟಿ

‘ಪೊಟ್ಟಣ’ ಫೋಲ್ಡರ್‌ನಲ್ಲಿ ವೀಲ್ ಫೈಲ್‌ಗಳು (ಇನ್‌ಸ್ಟಾಲ್‌ಗೆ ಸಿದ್ಧವಾದ ಪ್ಯಾಕೇಜ್‌ಗಳು) ಬಂದಿರುತ್ತವೆ. ನಮ್‌ಪೈ ಫೈಲಿನ ಹೆಸರಲ್ಲಿ ‘ಸಿಪಿ310’ ಅಂತ ಇದೆಯಾ ಕಣ್ಣಾಡಿಸಿ. ‘ಸಿಪಿ312’ ಅಂತ ಇದ್ದರೆ ಅಲ್ಲಿ ಹಿಡಿಸುವುದಿಲ್ಲ. ಪೊಟ್ಟಣ, ಪಟ್ಟಿ, ನಿಮ್ಮ ಕೋಡ್ ಇಷ್ಟನ್ನು ಪೆನ್‌ಡ್ರೈವ್‌ಗೆ ಹಾಕಿ. ಗ್ರಂಥಾಲಯದಲ್ಲಿ:

ಪೈಥಾನ್3 -ಎಂ ವೆನ್ವ್ .ವೆನ್ವ್
.ವೆನ್ವ್/ಬಿನ್/ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ --ನೋ-ಇಂಡೆಕ್ಸ್ --ಫೈಂಡ್-ಲಿಂಕ್ಸ್ ಪೊಟ್ಟಣ -ಆರ್ ಪಟ್ಟಿ.ಟಿಎಕ್ಸ್‌ಟಿ

ಮೊದಲ ಸಾಲಿಗೇ ‘ಎನ್‌ಶೂರ್‌ಪಿಪ್’ ಇಲ್ಲ ಅಂತ ಎರರ್ ಬಂದರೆ ‘ಪೈಥಾನ್3-ವೆನ್ವ್’ ಅನ್ನು ಆಪ್ಟ್‌ನಿಂದ ಹಾಕಬೇಕು. ಟೆಸರಾಕ್ಟ್ ಮತ್ತು ಕನ್ನಡ ಡೇಟಾ ಕೂಡ ಹೇಗೂ ಆಪ್ಟ್‌ನಿಂದಲೇ. ಅವು ದೊಡ್ಡವಲ್ಲ, ಫೋನಿನ ಹಾಟ್‌ಸ್ಪಾಟ್ ಕೊಟ್ಟು ಮುಗಿಸಬಹುದು. ಭಾರ ಜಾಸ್ತಿ ಇರುವುದು ಓಪನ್‌ಸಿವಿ, ಅದು ಪೆನ್‌ಡ್ರೈವ್‌ನಲ್ಲೇ ಇರುತ್ತದಲ್ಲ.

ಹಳೇಸಂಪುಟ:
ಸಿಪಿ310 ಅಂತಲೇ ಬಂದಿದೆ ಸರ್. ಸೋಮವಾರ ಗ್ರಂಥಾಲಯಕ್ಕೆ ರಜೆ, ಮಂಗಳವಾರ ಹೋಗಿ ಹಾಕುತ್ತೇನೆ. ಒತ್ತಕ್ಷರದ ವಿಷಯಕ್ಕೆ ಬೇರೆ ದಾರ ತೆರೆಯುತ್ತೇನೆ, ಪುಟದ ಚಿತ್ರ ಸಮೇತ.